ಎದೆಯೊಳಗಿನ ಗಾಳಿ: ಪೈಪ್ ಹಾಕುವುದೋ, ಕಾಯುವುದೋ?

ಎಕ್ಸ್‌ರೇ ಫಿಲ್ಮಿನಲ್ಲಿ ಪಕ್ಕೆಲುಬುಗಳ ಒಳಗೆ ಕೂದಲೆಳೆಯಂಥ ಬಿಳಿ ಗೆರೆ. ಅದರಾಚೆ ಬರೀ ಕಪ್ಪು. ಅಲ್ಲಿರುವುದು ಗಾಳಿ, ಶ್ವಾಸಕೋಶ ಕುಗ್ಗಿ ಗೆರೆಯ ಒಳಗೆ ಸರಿದಿದೆ. ನ್ಯೂಮೋಥೊರಾಕ್ಸ್ ಎಂಬ ಈ ತೊಂದರೆ ಸಪೂರ, ಎತ್ತರದ ಹುಡುಗರಿಗೆ ಪೆಟ್ಟೇ ಬೀಳದೆ ಬರುವುದುಂಟು. ಬೀಡಿ-ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು.

ಗೆರೆ ಎದೆಗೋಡೆಯಿಂದ 2 ಸೆಂ.ಮೀ. ದಾಟಿದರೆ ಸೂಜಿಯಿಂದ ಗಾಳಿ ಎಳೆಯುವುದು, ಇಲ್ಲವೇ ಪೈಪ್ ಹಾಕುವುದು ಬಹುಕಾಲದ ರೂಢಿ. ಪೈಪಿನ ತುದಿ ಬಾಟಲಿಯ ನೀರಲ್ಲಿ ಮುಳುಗಿರುತ್ತದೆ. ರೋಗಿ ಕೆಮ್ಮಿದಾಗಲೆಲ್ಲ ಗುಳ್ಳೆ ಏಳುತ್ತದೆ. ನೋವೂ ಉಂಟು, ಸೋಂಕಿನ ಭಯವೂ ಉಂಟು. 2020ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ವೈದ್ಯರು 316 ಜನರ ಅಧ್ಯಯನ ಪ್ರಕಟಿಸಿದರು. ಪೈಪ್ ಹಾಕದೆ ಕಾದ 162 ಮಂದಿಯಲ್ಲಿ 137 ಜನರಿಗೆ ಪೈಪ್ ಬೇಕಾಗಲೇ ಇಲ್ಲ. ಬ್ರಿಟನ್ನಿನ 2023ರ ಮಾರ್ಗಸೂಚಿಯೂ ಅಳತೆಪಟ್ಟಿ ಬಿಟ್ಟು ರೋಗಿಯ ಉಸಿರಾಟ ನೋಡಿ ಎಂದಿತು.

ಎದೆಯೊಳಗಿನ ಗಾಳಿ ತಾನಾಗೇ ಕರಗುವುದು ಹೊಸದೇನಲ್ಲ ಬಿಡಿ. ಸ್ಟ್ರೆಪ್ಟೊಮೈಸಿನ್ ಬರುವ ಮೊದಲು, ಸ್ಯಾನಟೋರಿಯಂಗಳ ಕಾಲದಲ್ಲಿ, ಕ್ಷಯ ಹಿಡಿದ ಶ್ವಾಸಕೋಶಕ್ಕೆ ವಿಶ್ರಾಂತಿ ಸಿಗಲೆಂದು ವೈದ್ಯರೇ ಸೂಜಿ ಚುಚ್ಚಿ ಗಾಳಿ ತುಂಬುತ್ತಿದ್ದರು. ಇಟಲಿಯ ಫೋರ್ಲಾನಿನಿ ಹಾಕಿಕೊಟ್ಟ ದಾರಿ ಅದು. ಆ ಗಾಳಿಯನ್ನು ಮೈ ಹೀರಿಕೊಳ್ಳುತ್ತಿತ್ತು, ಹಾಗಾಗಿ ಮತ್ತೆ ಮತ್ತೆ ತುಂಬಬೇಕಾಗುತ್ತಿತ್ತು. ದಿನಕ್ಕೆ ಎದೆಯ ಆ ಬದಿಯ ಗಾತ್ರದ ಶೇ. 2ರಷ್ಟು ಗಾಳಿ ಹೀಗೆ ಕರಗುತ್ತದೆ.

ಬೊಮ್ಮನಹಾಳ್‌ನವರಿಗೆ ಲೆಕ್ಕ ಇಲ್ಲಿಗೇ ಮುಗಿಯದು. ಅನಂತಪುರ ಜಿಲ್ಲೆಯ ಈ ಗಡಿ ಮಂಡಲಕ್ಕೆ ಜಿಲ್ಲಾ ಕೇಂದ್ರಕ್ಕಿಂತ ಬಳ್ಳಾರಿಯೇ ಹತ್ತಿರ. ಜನ ಈಗಲೂ ವಿಮ್ಸ್ ಎನ್ನುವ ಸರ್ಕಾರಿ ಆಸ್ಪತ್ರೆ ಇರುವುದೂ ಅಲ್ಲೇ. ಕಾಯುವುದೆಂದರೆ ಸುಮ್ಮನೆ ಮನೆಗೆ ಕಳಿಸುವುದಲ್ಲ. ಕೆಲವು ಗಂಟೆ ಕೂರಿಸಿಕೊಂಡು, ಇನ್ನೊಂದು ಎಕ್ಸ್‌ರೇ ತೆಗೆದು, ಆಕ್ಸಿಜನ್ ಇಲ್ಲದೆ ಓಡಾಡಬಲ್ಲನೇ ಎಂದು ನೋಡಬೇಕು. ಹಗರಿ ದಂಡೆಯ ಹಳ್ಳಿಯವನಾದರೆ, ನಡುರಾತ್ರಿ ಏದುಸಿರು ಬಂದರೆ ಗಾಡಿ ಸಿಗುತ್ತದೆಯೇ ಎಂದೂ ಕೇಳಬೇಕು. ಸಿಗದೆಂದರೆ ಒಂದೆರಡು ದಿನ ವಾರ್ಡಿನಲ್ಲೇ ಇಟ್ಟುಕೊಳ್ಳುವುದು ಮೇಲು ಅನ್ನಿಸುತ್ತದೆ ನನಗೆ.

ಇಷ್ಟೆಲ್ಲ ಅನ್ವಯಿಸುವುದು ಬೇರೆ ಕಾಯಿಲೆ ಇಲ್ಲದ ಹುಡುಗರಿಗೆ. ಹಳೆಯ ಟಿಬಿ ಶ್ವಾಸಕೋಶವನ್ನು ತಿಂದುಹಾಕಿದ್ದರೆ ಸ್ವಲ್ಪ ಗಾಳಿಯೂ ಭಾರಿ, ಅಂಥವರನ್ನು ದಾಖಲಿಸಿಕೊಳ್ಳಲೇಬೇಕು. ಬಿಪಿ ಕುಸಿದು, ಕತ್ತಿನ ನರ ಉಬ್ಬಿ, ಉಸಿರು ಕಟ್ಟುತ್ತಿದ್ದರೆ ಎಕ್ಸ್‌ರೇಗೂ ಕಾಯುವಂತಿಲ್ಲ, ತಕ್ಷಣ ಸೂಜಿ. ಮನೆಗೆ ಹೋದವರು ಬೀಡಿ ಬಿಡಬೇಕು. ಗಾಳಿ ಪೂರ್ತಿ ಹೋಗಿದೆ ಎಂದು ಎಕ್ಸ್‌ರೇಯಲ್ಲಿ ಕಂಡ ಮೇಲೂ ಒಂದು ವಾರ ವಿಮಾನ ಹತ್ತಬಾರದು. ಬಳ್ಳಾರಿ ಬಸ್ಸಿಗೆ ಅಡ್ಡಿಯಿಲ್ಲ.