ಎದೆನೋವಿನ ನಂತರ ನಡಿಗೆ ಕಲಿಸುವ ದಾದಿ

ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯ ಯಾವುದಾದರೂ ಊರಿನ ಮನೆಯೊಂದನ್ನು ಊಹಿಸಿಕೊಳ್ಳಿ. ಹೃದಯಾಘಾತವಾಗಿ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಸ್ಟೆಂಟ್ ಹಾಕಿಸಿಕೊಂಡು ಬಂದ ಯಜಮಾನರು ಜಗಲಿಯ ಮೇಲೆ ಕುಳಿತಿದ್ದಾರೆ. ಬಂದು ನಾಲ್ಕು ತಿಂಗಳಾಗಿದೆ. ಎದ್ದು ಕೊಟ್ಟಿಗೆಯತ್ತ ಹೊರಟರೆ ಮಗ ತಡೆಯುತ್ತಾನೆ. ನೀರಿನ ಚೊಂಬು ಎತ್ತಿದರೆ ಸೊಸೆ ಇಸಿದುಕೊಳ್ಳುತ್ತಾಳೆ. 'ಸುಮ್ನೆ ಕೂತ್ಕಳಿ ಮಾವ, ಹಾರ್ಟ್ ಆಪರೇಷನ್ ಆಗೈತೆ' ಎಂಬುದು ಮನೆಮಂದಿಯ ಪ್ರೀತಿಯ ಆಜ್ಞೆ. ಈ ಪ್ರೀತಿಯೇ ಅವರನ್ನು ದಿನದಿಂದ ದಿನಕ್ಕೆ ಬಲಹೀನರನ್ನಾಗಿ ಮಾಡುತ್ತಿದೆ ಎಂದರೆ ನೀವು ನಂಬುತ್ತೀರಾ?

ಮನೆಮಂದಿಯನ್ನು ದೂರಿ ಪ್ರಯೋಜನವಿಲ್ಲ. ಒಂದು ಕಾಲದಲ್ಲಿ ವೈದ್ಯರೂ ಹೀಗೆಯೇ ನಂಬಿದ್ದರು. 1950ರ ಹೊತ್ತಿನವರೆಗೂ ಹೃದಯಾಘಾತವಾದವರನ್ನು ನಾಲ್ಕರಿಂದ ಆರು ವಾರ ಮಂಚ ಬಿಟ್ಟು ಏಳಲು ಬಿಡುತ್ತಿರಲಿಲ್ಲ. 1952ರಲ್ಲಿ ಅಮೆರಿಕದ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್, ಇಂತಹ ರೋಗಿಗಳನ್ನು ಬೇಗನೆ ಎಬ್ಬಿಸಿ ಆರಾಮ ಕುರ್ಚಿಯಲ್ಲಿ ಕೂರಿಸಿದ ತಮ್ಮ ಅನುಭವವನ್ನು ಪ್ರಕಟಿಸಿದರು. ಬರೀ ಕುರ್ಚಿಯಲ್ಲಿ ಕೂರಿಸಿದ್ದಕ್ಕೇ ಆಗ ದೊಡ್ಡ ವಿರೋಧ! ಆದರೆ ಕುಳಿತವರು ಚೇತರಿಸಿಕೊಂಡರು. ಕುರ್ಚಿಯಿಂದ ಮುಂದೆ ನಡಿಗೆ, ನಡಿಗೆಯಿಂದ ಕ್ರಮಬದ್ಧ ವ್ಯಾಯಾಮ ಎಂದು ಬೆಳೆದುಬಂದ ಚಿಕಿತ್ಸೆಗೇ 'ಹೃದಯ ಪುನಶ್ಚೇತನ' ಎಂದು ಹೆಸರು. ವ್ಯಾಯಾಮ ಸಹಿತವಾದ ಈ ಚಿಕಿತ್ಸೆಯಿಂದ ಹೃದ್ರೋಗದ ಸಾವುಗಳು ಸುಮಾರು ಕಾಲು ಭಾಗ ಕಡಿಮೆಯಾಗುತ್ತವೆಂದು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದುಬಂದಿದೆ.

ಈ ಚಿಕಿತ್ಸೆಯಲ್ಲಿ ವೈದ್ಯರು ಹಾಗೂ ಫಿಸಿಯೋಥೆರಪಿ ತಜ್ಞರ ಪಾತ್ರ ದೊಡ್ಡದೇ. ಆದರೂ ರೋಗಿಯ ಪಕ್ಕದಲ್ಲಿ ನಿಂತು ದಿನವೂ ಕೈ ಹಿಡಿದು ನೋಡುವವಳು ದಾದಿ.

ಅವಳ ಕೆಲಸವೇನು?

ವ್ಯಾಯಾಮಕ್ಕೆ ಮೊದಲು ನಾಡಿ, ರಕ್ತದೊತ್ತಡ ನೋಡುತ್ತಾಳೆ. ಸಕ್ಕರೆ ಕಾಯಿಲೆಯವರಾದರೆ ಸಕ್ಕರೆಯ ಮಟ್ಟವನ್ನೂ ನೋಡುತ್ತಾಳೆ, ಏಕೆಂದರೆ ಇನ್ಸುಲಿನ್ ಚುಚ್ಚಿಕೊಂಡು ಏನೂ ತಿನ್ನದೆ ನಡೆದರೆ ತಲೆ ಸುತ್ತಿ ಬೀಳಬಹುದು. ನಂತರ ಆರು ನಿಮಿಷದ ನಡಿಗೆ ಪರೀಕ್ಷೆ. ಮೂವತ್ತು ಮೀಟರ್ ಉದ್ದದ ಪಡಸಾಲೆಯಲ್ಲಿ ರೋಗಿ ತನ್ನ ಶಕ್ತ್ಯಾನುಸಾರ ಹೋಗಿ ಬಂದು ಮಾಡುತ್ತಾನೆ, ಆರು ನಿಮಿಷಕ್ಕೆ ಎಷ್ಟು ದೂರವಾಯಿತೆಂದು ಬರೆದುಕೊಳ್ಳುತ್ತಾರೆ. ಕೆಲವು ವಾರಗಳ ನಂತರ ಮತ್ತೆ ಅಳೆದಾಗ ಮೂವತ್ತು ಮೀಟರ್ ಹೆಚ್ಚಾಗಿದ್ದರೂ ಅದು ಲೆಕ್ಕಕ್ಕೆ ಬರುವ ಸುಧಾರಣೆ. 'ನೇಗಿಲು ಹಿಡಿದು ಮೈಲಿಗಟ್ಟಲೆ ನಡೆದೋನು ನಾನು, ನನಗೇ ನಡೆಯೋದು ಹೇಳ್ಕೊಡ್ತೀಯೇನವ್ವ?' ಎಂದು ನಗುವ ಹಿರಿಯರುಂಟು. ಆದರೆ ಅವರ ಎದೆಯೊಳಗಿನ ಭಯ ದಾದಿಗೆ ಗೊತ್ತು. ನಡೆದರೆ ಮತ್ತೆ ನೋವು ಬಂದೀತೆಂಬ ಭಯ ಅದು. ತನ್ನ ಕಣ್ಣೆದುರಿಗೇ ಒಮ್ಮೆ ನಡೆಸಿ, ಏನೂ ಆಗಲಿಲ್ಲವೆಂದು ತೋರಿಸಿಕೊಡುವುದು ಹತ್ತು ಉಪದೇಶಗಳಿಗೆ ಸಮ.

ಎಷ್ಟು ಜೋರಾಗಿ ನಡೆಯಬೇಕು? ನಾಡಿಯ ಲೆಕ್ಕವೊಂದನ್ನೇ ನಂಬುವಂತಿಲ್ಲ. ಹೃದ್ರೋಗಿಗಳಿಗೆ ಕೊಡುವ ಕೆಲವು ಮಾತ್ರೆಗಳು ನಾಡಿ ಏರದಂತೆ ತಡೆಯುತ್ತವೆ. ಆದ್ದರಿಂದ ಅನುಭವಿ ದಾದಿ ಜೊತೆಗೆ ನಡೆಯುತ್ತಲೇ ಮಾತಿಗೆಳೆಯುತ್ತಾಳೆ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದು ಸರಿಯಾದ ವೇಗ. ಮಾತು ತುಂಡು ತುಂಡಾದರೆ ನಿಧಾನಿಸಬೇಕು.

ನಿಮ್ಮ ಮನೆಯಲ್ಲಿ ಉದ್ದನೆಯ ಪಡಸಾಲೆ ಇಲ್ಲದಿರಬಹುದು, ತೆಂಗಿನ ತೋಟವಿದ್ದೀತು. ಸಾಲಿನಲ್ಲಿ ನೆಟ್ಟ ಮರದಿಂದ ಮರಕ್ಕೆ ಸಾಮಾನ್ಯವಾಗಿ 25 ಅಡಿ. ಐದು ಮರಗಳ ನಡುವಿನ ನಾಲ್ಕು ಅಂತರ ನಡೆದರೆ ನೂರಡಿ, ಅಂದರೆ ಸುಮಾರು ಮೂವತ್ತು ಮೀಟರ್. ವೈದ್ಯರ ಒಪ್ಪಿಗೆ ಪಡೆದು, ಇಂದು ಎಷ್ಟು ಮರ, ನಾಳೆ ಎಷ್ಟು ಮರ ಎಂದು ಮೊಮ್ಮಗಳಿಂದ ನೋಟ್‌ಬುಕ್ಕಿನಲ್ಲಿ ಬರೆಸಿ. ಆದರೆ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಆಗಿದ್ದಲ್ಲಿ ಎದೆಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರವಾದರೂ ಬೇಕು. ಅಷ್ಟು ದಿನ ಬಿಂದಿಗೆ ಎತ್ತುವುದು, ಬಾವಿಯಿಂದ ನೀರು ಸೇದುವುದು, ದ್ವಿಚಕ್ರ ವಾಹನ, ಟ್ರ್ಯಾಕ್ಟರು ಯಾವುದೂ ಕೂಡದು.

ಇನ್ನು ಮಾತ್ರೆ, ಊಟ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು 'ಈಗ ಚೆನ್ನಾಗಿದ್ದೀನಲ್ಲ' ಎಂದು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟೇ ಮುಚ್ಚಿಹೋಗಬಹುದು. ಮುದ್ದೆ ಬಿಡಬೇಕಿಲ್ಲ. ಆದರೆ ಉಪ್ಪೆಸರಿನ ಉಪ್ಪು, ಉಪ್ಪಿನಕಾಯಿ, ಹಪ್ಪಳದ ಮೇಲೆ ಕಣ್ಣಿರಲಿ. ದಂಪತಿಗಳು ಕೇಳಲು ನಾಚುವ ಇನ್ನೊಂದು ಪ್ರಶ್ನೆಯಿದೆ. ಎದೆನೋವು, ಏದುಸಿರು ಇಲ್ಲದೆ ಎರಡು ಅಂತಸ್ತಿನ ಮೆಟ್ಟಿಲು ಹತ್ತಬಲ್ಲವರಿಗೆ ದಾಂಪತ್ಯ ಜೀವನ ಸಾಮಾನ್ಯವಾಗಿ ಅಪಾಯಕರವಲ್ಲ. ನಾಚದೆ ಕೇಳಿ, ದಾದಿಗೆ ಇದು ಹೊಸದಲ್ಲ.

ಉಸಿರಿಗೂ ಪಾಠ

ಹೊಗೆಯಿಂದ ಶ್ವಾಸಕೋಶ ಕೆಟ್ಟವರದು ಬೇರೆಯೇ ಕಥೆ. ಗಂಡಸರಲ್ಲಿ ಬೀಡಿ, ಆಲೆಮನೆಯ ಹೊಗೆ. ಹೆಂಗಸರಲ್ಲಿ ಬೀಡಿಯನ್ನೇ ಮುಟ್ಟದವರಿಗೂ ಈ ಕಾಯಿಲೆ! ಹತ್ತಾರು ವರ್ಷ ಸೌದೆ ಒಲೆಯ ಮುಂದೆ ಕುಳಿತದ್ದೇ ಕಾರಣ. 2016ರ ಉಜ್ವಲ ಯೋಜನೆಯ ನಂತರ ಅಡುಗೆಮನೆಗೆ ಗ್ಯಾಸ್ ಬಂದಿರಬಹುದು, ಆದರೆ ಹಂಡೆ ಒಲೆಗೆ ಇನ್ನೂ ತೆಂಗಿನ ಗರಿಯೇ ಗತಿ.

ಇವರಿಗೆ ದಾದಿ ಕಲಿಸುವ ಮೊದಲ ಪಾಠ ತುಟಿ ಕಿರಿದು ಮಾಡಿ ಉಸಿರು ಬಿಡುವುದು. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಒಳಗೆಳೆದು, ಊದುಕೊಳವೆ ಹಿಡಿದಾಗಿನಂತೆ ತುಟಿ ಮಾಡಿ, ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಬೇಕು. ದೀಪದ ಕುಡಿ ಬಾಗಬೇಕು, ಆರಬಾರದು. ಹೀಗೆ ಬಿಟ್ಟಾಗ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳದೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಯಾವ ಊದುಕೊಳವೆಯ ಮುಂದೆ ಎದೆ ಕೆಟ್ಟಿತೋ ಅದರ ಅಭ್ಯಾಸವೇ ಈಗ ಉಪಯೋಗಕ್ಕೆ!

'ಪಂಪು ಹಿಡಿದರೆ ಬಿಡಕ್ಕಾಗಲ್ಲ' ಎಂಬ ಹೆದರಿಕೆ ತಪ್ಪು. ಇನ್‌ಹೇಲರ್ ಚಟವಲ್ಲ, ಔಷಧಿ. ಹೆಚ್ಚಿನವರಿಗೆ ಅದು ಹಿಡಿಯದಿರುವುದಕ್ಕೆ ಕಾರಣ ಎಳೆಯುವ ರೀತಿ. ಪುಡಿ ತುಂಬಿದ ಕ್ಯಾಪ್ಸೂಲಿನದಾದರೆ ಜೋರಾಗಿ, ಸ್ಪ್ರೇ ಆದರೆ ನಿಧಾನವಾಗಿ ಎಳೆಯಬೇಕು. ಕ್ಯಾಪ್ಸೂಲನ್ನೇ ನುಂಗಿ ನೀರು ಕುಡಿಯುವವರೂ ಇದ್ದಾರೆ. ಆದ್ದರಿಂದ ದಾದಿ 'ಗೊತ್ತಾಯ್ತಾ?' ಎಂದು ಕೇಳಿ ಸುಮ್ಮನಾಗುವುದಿಲ್ಲ, 'ನೀವು ಮಾಡಿ ತೋರಿಸಿ' ಎನ್ನುತ್ತಾಳೆ. ನಡೆಸುವಾಗ ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಆಮ್ಲಜನಕದ ಅಂಕಿ ನೋಡುತ್ತಿರುತ್ತಾಳೆ. ಸಾಮಾನ್ಯವಾಗಿ 88ಕ್ಕಿಂತ ಕೆಳಗಿಳಿದರೆ ನಿಲ್ಲಿಸಿ ವೈದ್ಯರಿಗೆ ತಿಳಿಸುತ್ತಾಳೆ. ಈ ಚಿಕಿತ್ಸೆ ಉಸಿರಿನ ರೋಗಿಗಳಿಗೆ ನೆರವಾಗುತ್ತದೆ ಎಂಬುದು ಎಷ್ಟು ಖಚಿತವೆಂದರೆ, 65 ಅಧ್ಯಯನಗಳನ್ನು ಪರಿಶೀಲಿಸಿದ ಕಾಕ್ರೇನ್ ಸಂಸ್ಥೆ 2015ರಲ್ಲಿ, ಇದು ಉಪಯುಕ್ತವೇ ಎಂದು ಪರೀಕ್ಷಿಸಲು ಇನ್ನು ಅಧ್ಯಯನ ಬೇಕಿಲ್ಲ ಎಂದೇ ಹೇಳಿಬಿಟ್ಟಿತು.

ನಮ್ಮಲ್ಲಿ ಎಲ್ಲಿದೆ ಇದು?

ಮೊದಲ ಗಂಟೆಯ ವ್ಯವಸ್ಥೆ ಈಗ ಸುಧಾರಿಸಿದೆ. ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತ. ಆದರೆ ಜೀವ ಉಳಿದ ನಂತರದ ಮೂರು ತಿಂಗಳಿಗೆ? ಮನೆಗೆ ಕಳುಹಿಸುವ ದಿನ, ಬಿಲ್ಲು ಮತ್ತು ಬಸ್ಸಿನ ಗಡಿಬಿಡಿಯಲ್ಲಿ, ವಾರ್ಡಿನ ಸಿಸ್ಟರ್ ಐದು ನಿಮಿಷ ಹೇಳಿದ್ದೇ ಪುನಶ್ಚೇತನ. ಹೊಣಕೆರೆಯಿಂದ ವಾರಕ್ಕೆ ಮೂರು ಸಲ ಮೈಸೂರಿಗೆ ಹೋಗಿ ಬರುವುದು ರೈತ ಕುಟುಂಬಕ್ಕೆ ಆಗುವ ಮಾತೇ?

ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ದೇಶದ 24 ಆಸ್ಪತ್ರೆಗಳಲ್ಲಿ ಸುಮಾರು ನಾಲ್ಕು ಸಾವಿರ ಹೃದಯಾಘಾತ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂರು ತಿಂಗಳಲ್ಲಿ 13 ಪಾಠಗಳ ಯೋಗಾಧಾರಿತ ಪುನಶ್ಚೇತನ ನೀಡಲಾಯಿತು. ಸಾವು ಕಡಿಮೆಯಾಯಿತೆಂದು ಅದರಿಂದ ಸಿದ್ಧವಾಗಲಿಲ್ಲ. ಆದರೆ ಯೋಗ ಕಲಿತವರು ಹಿಂದಿನ ದಿನಚರಿಗೆ ಮರಳಿದ್ದು ಹೆಚ್ಚು.

ಹಾಗಾದರೆ ನೀವೇನು ಮಾಡಬಹುದು? ಆಸ್ಪತ್ರೆಯಿಂದ ಹೊರಡುವ ಮೊದಲೇ ಮೂರು ಪ್ರಶ್ನೆ ಕೇಳಿ: ದಿನಕ್ಕೆ ಎಷ್ಟು ನಡೆಯಬಹುದು, ಯಾವ ಕೆಲಸ ಎಂದಿನಿಂದ ಮಾಡಬಹುದು, ಯಾವ ಲಕ್ಷಣ ಕಂಡರೆ ಓಡಿಬರಬೇಕು. ನಡೆಯುವಾಗ ಎದೆ ಬಿಗಿತ, ತಣ್ಣನೆಯ ಬೆವರು, ಕಣ್ಣುಕತ್ತಲೆ ಬಂದರೆ ತಕ್ಷಣ ಕುಳಿತುಬಿಡಿ. ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ಇನ್ನು ನಿಮ್ಮ ಊರಿನ ಆರೋಗ್ಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿ ಇದ್ದರೆ, ಅವರು ಬಹುಮಟ್ಟಿಗೆ ನರ್ಸಿಂಗ್ ಓದಿದವರೇ ಆಗಿರುತ್ತಾರೆ. ಆಸ್ಪತ್ರೆಯ ಬಿಡುಗಡೆ ಚೀಟಿ, ಮಾತ್ರೆಗಳ ಡಬ್ಬಿ, ಮರಗಳ ಲೆಕ್ಕ ಬರೆದ ನೋಟ್‌ಬುಕ್ಕು ಹಿಡಿದು ಹದಿನೈದು ದಿನಕ್ಕೊಮ್ಮೆ ಅವರ ಬಳಿ ಹೋಗಿ, ಬಿ.ಪಿ. ನೋಡಿಸಿಕೊಂಡು ಬನ್ನಿ. ಯಜಮಾನರನ್ನು ಗಾಡಿಯಲ್ಲಿ ಕರೆದೊಯ್ಯಬೇಡಿ. ಉಪಕೇಂದ್ರ ಹತ್ತಿರವಿದ್ದು ವೈದ್ಯರು ಒಪ್ಪಿದ್ದರೆ ನಡೆದೇ ಹೋಗಲಿ, ಜೊತೆಗೆ ಮಗನೂ ನಡೆಯಲಿ.