ಚೇಂಬರ್ ತುಂಬಿತು, ತೆಗೆಸೋರು ಯಾರು?

ಸೊಲ್ಲಾಪುರ: ನಳಕ್ಕೆ ನೀರು ಬಂದ ದಿನ ನಮ್ಮ ಗಲ್ಲಿಗೆ ಹಬ್ಬ. ಮೂರ್ನಾಲ್ಕು ದಿನದ ಅರಿವೆ, ಭಾಂಡೆ, ತಲೆಸ್ನಾನ ಎಲ್ಲ ಒಂದೇ ಹೊತ್ತಿಗೆ. ಕಳೆದ ಮಳೆಗಾಲದಲ್ಲಿ ಅಂಥ ಒಂದು ಮುಂಜಾನೆ ತುದಿಮನೆಯ ಮೋರಿಯಿಂದ ಹೊಲಸು ನೀರು ಉಲ್ಟಾ ಉಕ್ಕಿ ಪಡಸಾಲೆ ತನಕ ಬಂತು. ಆ ಮನೆಯಲ್ಲಿ ಅತ್ತೆ-ಸೊಸೆ ಇಬ್ಬರೂ ಬೀಡಿ ಕಟ್ಟುವವರು. ಕತ್ತರಿಸಿಟ್ಟ ಎಲೆ, ಎಣಿಸಿಟ್ಟ ಕಟ್ಟು ಎಲ್ಲ ತೊಯ್ದು ಎರಡು ದಿನದ ಮಜೂರಿ ನೀರುಪಾಲಾಯಿತು.

ಗಲ್ಲಿಯೆಲ್ಲ ಒಂದೇ ಮಾತು: ‘ಮಹಾನಗರಪಾಲಿಕೆಗೆ ಫೋನ್ ಹಚ್ಚ್ರಿ, ಘರಪಟ್ಟಿ ಸುಮ್ನ ತುಂಬತೀವೇನು?’ ಮಧ್ಯಾಹ್ನದ ಹೊತ್ತಿಗೆ ಸಿಬ್ಬಂದಿ ಬಂದರು. ರಸ್ತೆಯ ಚೇಂಬರ್ ಮುಚ್ಚಳ ಎತ್ತಿದರೆ ಒಳಗೆ ನೀರು ಸರಾಗ ಹರಿಯುತ್ತಿದೆ! ಕಟ್ಟಿಕೊಂಡಿದ್ದು ಐದು ಮನೆಗಳ ಹಿಂದಿನಿಂದ ಬರುವ ನಾಲ್ಕಿಂಚಿನ ಪೈಪು. ‘ಇದು ನಿಮ್ಮ ಲೈನ್ ರೀ ಕಾಕಾ’ ಎಂದು ಹೇಳಿ ಅವರು ಹೋದರು. ಅವರು ಹೇಳಿದ್ದು ಖರೇನೇ ಇತ್ತು.

ರಸ್ತೆಯೊಳಗಿನ ಮುಖ್ಯ ಲೈನು ಪಾಲಿಕೆಯದು. ಮೋರಿ, ಸಂಡಾಸದಿಂದ ಹೊರಟು ಆ ಲೈನಿಗೆ ಕೂಡುವ ತನಕದ ಪೈಪಿನ ದೇಖರೇಖಿ ಮನೆಮಾಲಕನದು. ಜೋಡಣೆಗೆ ಪರವಾನಗಿ ತೆಗೆದುಕೊಳ್ಳಬೇಕಾದವನೂ ಅವನೇ. ಯಾರ ಲೈನು ತುಂಬಿದೆ ಎಂದು ತಿಳಿಯಲು ಇಂಜಿನಿಯರ್ ಬೇಕಾಗಿಲ್ಲ. ಮನೆಯ ಚೇಂಬರ್ ತುಂಬಿ ರಸ್ತೆಯದು ಖಾಲಿ ಇದ್ದರೆ ದೋಷ ನಮ್ಮ ಪೈಪಿನದು. ರಸ್ತೆಯದೂ ತುಂಬಿದ್ದರೆ ಝೋನ್ ಆಫೀಸಿಗೆ ಹೋಗಿ ತಕ್ರಾರು ಬರೆಸಿ, ನಂಬರು ಕೇಳಿ ಪಡೆಯಬೇಕು. ಮುಚ್ಚಳ ತೆಗೆದು ಬಗ್ಗಿ ಮೂಸುವುದು ಮಾತ್ರ ಬೇಡ, ಒಳಗಿನ ಗ್ಯಾಸು ಕೆಟ್ಟದ್ದು.

ಸಂಜೆ ಪ್ಲಂಬರ್ ಬಿದಿರಿನ ಸೀಳು ತೂರಿಸಿ ಎಳೆದಾಗ ಏನೇನು ಬಂತು! ಬೀಡಿ ಎಲೆಯ ಚೂರು, ಟಾವೆಲ್ ಮಗ್ಗದ ನೂಲಿನ ಗಂಟು, ಶಾಂಪೂ ಪುಡಿಕೆ, ಮಗುವಿನ ಒಂದು ಕಾಲುಚೀಲ. ಪ್ರತಿಯೊಬ್ಬರಿಗೂ ತಮ್ಮ ಮನೆಯದು ಗುರುತು ಹತ್ತಿತು. ಯಾರೂ ಮಾತಾಡಲಿಲ್ಲ. ಮೇಲಿಂದ ಎರಡು ಮನೆಯವರು ಮಾಳಿಗೆಯ ಮಳೆನೀರನ್ನೂ ಅದೇ ಪೈಪಿಗೆ ಬಿಟ್ಟಿದ್ದರು.

ಇದು ಬರೀ ವಾಸನೆಯ ಮಾತಲ್ಲ. ಹಳೇ ಗಲ್ಲಿಗಳಲ್ಲಿ ಕುಡಿಯುವ ನೀರಿನ ಪೈಪು, ಗಟಾರದ ಪೈಪು ಅಕ್ಕಪಕ್ಕದಲ್ಲೇ ಹೋಗುತ್ತವೆ. ನೀರು ಬಿಡದ ದಿನ ನಳದ ಪೈಪು ಖಾಲಿ. ಅದಕ್ಕೆ ಸಣ್ಣ ಸೀಳಿದ್ದರೂ ಸುತ್ತಲಿನ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ. ಒಬ್ಬರ ಪೈಪು ಸೋರಿದರೆ ಇನ್ನೊಬ್ಬರ ಮನೆಯಲ್ಲಿ ವಾಂತಿ-ಭೇದಿ.

1992ರ ಹದ್ದವಾಢದಲ್ಲಿ ನಗರಕ್ಕೆ ಸೇರಿದ ಬಡಾವಣೆಗಳ ಕತೆ ಬೇರೆ. ಡ್ರೇನೇಜ್ ಲೈನು ಮುಟ್ಟದ ಕಡೆ ಮನೆ ಕಟ್ಟಿದವರು ಸೆಪ್ಟಿಕ್ ಟ್ಯಾಂಕನ್ನೇ ನಂಬಿದರು. ಜನರ ಬಾಯಲ್ಲಿ ಅದು ‘ಸೇಫ್ಟಿ ಟಾಕಿ’. ಸೇಫ್ಟಿ ಏನೂ ಇಲ್ಲ ಅದರಲ್ಲಿ! ಎರಡು-ಮೂರು ವರ್ಷಕ್ಕೊಮ್ಮೆ ಸಕ್ಷನ್ ಗಾಡಿಯಿಂದ ತೆಗೆಸಬೇಕು. ಹತ್ತು ವರ್ಷ ಮುಟ್ಟದವರೂ ಇದ್ದಾರೆ. ಗಾಡಿ ಒಳಗೆ ಬರುವುದಿಲ್ಲ, ರೊಕ್ಕ ಹೆಚ್ಚು ಎಂದು ಯಾರನ್ನಾದರೂ ಕರೆದು ಒಳಗೆ ಇಳಿಸುವವರೂ ಉಂಟು. ಅಲ್ಲೇ ಜೀವ ಹೋಗುವುದು. ವಿಷಗ್ಯಾಸು ಹೆಚ್ಚಿದ್ದಲ್ಲಿ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಇಳಿದವನನ್ನು ಎತ್ತಲು ಹೋದವನೂ ಬೀಳುತ್ತಾನೆ.

2013ರ ಕಾಯ್ದೆಯ ಪ್ರಕಾರ ಸುರಕ್ಷಾ ಸಾಧನ ಕೊಡದೆ ಮನುಷ್ಯನನ್ನು ಗಟಾರಕ್ಕೆ, ಟಾಕಿಗೆ ಇಳಿಸುವುದು ಗುನ್ಹೆ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂ. ತನಕ ದಂಡ, ಇಲ್ಲವೇ ಎರಡೂ. ಇದು ಪಾಲಿಕೆಗೆ, ಗುತ್ತಿಗೆದಾರರಿಗೆ ಮಾತ್ರ ಎಂದು ತಿಳಿದವರೇ ಹೆಚ್ಚು. ಮನೆಮಾಲಕನಿಗೂ ಅದು ಲಾಗೂ. ಗಟಾರದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂ. ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಮ್ಮ ಗಲ್ಲಿಯಲ್ಲಿ ಐದು ಮನೆಯವರು ವರ್ಗಣಿ ಹಾಕಿ ಪೈಪು ಬದಲಿಸುವ ಮಾತಾಯಿತು. ಇಳಿಜಾರು ಸರಿಮಾಡಿ, ಮಧ್ಯೆ ಒಂದು ಚೇಂಬರ್ ಕಟ್ಟಿಸಿದ್ದಾರೆ. ಮೋರಿಗಳಿಗೆ ಜಾಳಿ ಬಂದಿದೆ. ತುದಿಮನೆಯ ಅಜ್ಜಿ ಈಗ ಎಲೆಚೂರನ್ನು ಪಿಶವಿಯಲ್ಲಿ ಕೂಡಿಟ್ಟು ಕಸದ ಗಾಡಿಗೆ ಕೊಡುತ್ತಾರೆ. ನಾಲ್ಕು ಮನೆಯ ರೊಕ್ಕ ಬಂದಿದೆ. ಐದನೆಯವರು, ಮಾಳಿಗೆಯ ಮಳೆನೀರು ಬಿಟ್ಟವರಲ್ಲಿ ಒಬ್ಬರು, ‘ಪಗಾರ ಆದ ಮ್ಯಾಲ ಕೊಡತೀನಿ’ ಅಂದಿದ್ದಾರೆ.