ಆಸ್ಪತ್ರೆಯ ಅನುಭವ ಪ್ರಬಂಧವಾಗುವುದು ಯಾವಾಗ?

ಸಿರುಗುಪ್ಪದಲ್ಲಿ ಒಂದು ಕೃಷಿ ಸಂಶೋಧನಾ ಕೇಂದ್ರವಿದೆ, ಒಂದು ತಾಲ್ಲೂಕು ಆಸ್ಪತ್ರೆಯೂ ಇದೆ. ಕೃಷಿ ಕೇಂದ್ರದಲ್ಲಿ ಭತ್ತದ ತಳಿಯೊಂದು ಎಷ್ಟು ಇಳುವರಿ ಕೊಟ್ಟಿತೆಂಬುದು ದಾಖಲಾಗಿ, ವರದಿಯಾಗಿ, ದೂರದ ವಿಜ್ಞಾನಿಗೂ ತಲುಪುತ್ತದೆ. ಅದೇ ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡವನಿಗೆ ಎಷ್ಟು ಹೊತ್ತಿಗೆ ಪ್ರತಿವಿಷ ಸಿಕ್ಕಿತು, ಆಮೇಲೆ ಏನಾಯಿತು ಎಂಬ ಮಾಹಿತಿ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕೇಸ್ ಶೀಟಿನ ಕಟ್ಟಿನಲ್ಲೇ ಉಳಿಯುತ್ತದೆ. ಇದು ಜಾಣ್ಮೆಯ ವ್ಯತ್ಯಾಸವೆಂದು ತಿಳಿಯಬೇಡಿ. ಬರೆಯುವುದು ಒಂದು ಕಡೆ ಉದ್ಯೋಗದ ಭಾಗ. ಇನ್ನೊಂದು ಕಡೆ ಹೊರರೋಗಿಗಳ ಸಾಲು ಕರಗಿದ ಮೇಲೆ ಉಳಿದರೆ ಮಾಡುವ ಕೆಲಸ.

2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 2005ರಿಂದ 2014ರವರೆಗಿನ ಅವಧಿಯಲ್ಲಿ ಭಾರತದ 579 ವೈದ್ಯಕೀಯ ಸಂಸ್ಥೆಗಳ ಪ್ರಬಂಧಗಳನ್ನು ಎಣಿಸಿತು. ವರ್ಷಕ್ಕೆ 100ಕ್ಕಿಂತ ಹೆಚ್ಚು ಪ್ರಬಂಧ ಕೊಟ್ಟ ಸಂಸ್ಥೆಗಳು ಕೇವಲ 25. ದೇಶದ ಒಟ್ಟು ಪ್ರಬಂಧಗಳಲ್ಲಿ ಶೇ. 40.3 ಅವುಗಳವೇ! 332 ಸಂಸ್ಥೆಗಳ ಹೆಸರಿನಲ್ಲಿ ಒಂದೂ ಇರಲಿಲ್ಲ.

ಮುಂದಿದ್ದ ದೆಹಲಿಯ ಏಮ್ಸ್, ಚಂಡೀಗಢದ ಪಿ.ಜಿ.ಐ.ಗಳಲ್ಲಿ ಏನಿದೆ? ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದಾರೆ, ಸಂಶೋಧನೆಗೆ ಅನುದಾನವಿದೆ, ನೈತಿಕ ಸಮಿತಿ, ಗ್ರಂಥಾಲಯ, ಸಂಖ್ಯಾಶಾಸ್ತ್ರಜ್ಞರಿದ್ದಾರೆ. ಹಾಸಿಗೆಗಳೂ ಹೆಚ್ಚು. ಇಲ್ಲೇ ಎಚ್ಚರ ಬೇಕು. 1000 ಹಾಸಿಗೆಯ ಆಸ್ಪತ್ರೆ 100 ಪ್ರಬಂಧ, 100 ಹಾಸಿಗೆಯದು 20 ಪ್ರಬಂಧ ಬರೆಯಿತೆನ್ನಿ. ಹಾಸಿಗೆಯೊಂದಕ್ಕೆ ಲೆಕ್ಕ ಹಾಕಿದರೆ ಚಿಕ್ಕದೇ ಮುಂದು. ಜೊತೆಗೆ, ಅನುದಾನದಿಂದ ಪ್ರಬಂಧ ಬಂದಿತೋ, ಪ್ರಬಂಧಗಳ ಹೆಸರಿನಿಂದ ಅನುದಾನ ಬಂದಿತೋ? ಸಹಸಂಬಂಧವೊಂದೇ ಇದನ್ನು ಹೇಳಲಾರದು.

ಎಣಿಕೆಯಲ್ಲೂ ತೊಡಕಿದೆ. 1961ರಲ್ಲಿ ಆರಂಭವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಮುಂದೆ ‘ವಿಮ್ಸ್’ ಎನಿಸಿತು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ಊರಿನ ಕಾಗುಣಿತವೇ ‘ಬೆಲ್ಲಾರಿ’ಯಿಂದ ‘ಬಳ್ಳಾರಿ’ಗೆ ಬದಲಾಯಿತು. ನಮಗೆ ಒಂದೇ ಆದ ಆಸ್ಪತ್ರೆ ಕಂಪ್ಯೂಟರಿಗೆ ಮೂರು ನಾಲ್ಕು ವಿಳಾಸ. ಹಾಗಾಗಿ ‘ಸೊನ್ನೆ’ ಎಂಬ ಅಂಕಿಯನ್ನು ಕಂಡ ಕೂಡಲೇ ನಂಬುವಂತಿಲ್ಲ. ಇನ್ನು ಬಡ್ತಿಗೆ ಇಷ್ಟು ಪ್ರಬಂಧ ಬೇಕೆಂಬ ನಿಯಮ ಬಂದರೆ ಸಂಖ್ಯೆ ಏರುತ್ತದೆ, ನಿಜ. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳೂ ಹುಟ್ಟಿಕೊಳ್ಳುತ್ತವೆ.

ದೊಡ್ಡ ಕಟ್ಟಡವಿಲ್ಲದೆ ಆಗದೇ? ಆಗಿದೆ. ಡಾ. ಹಿಮ್ಮತರಾವ್ ಬಾವಸ್ಕರ್ 1976ರಲ್ಲಿ ಮಹಾರಾಷ್ಟ್ರದ ಕೊಂಕಣದ ಬಿರವಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಾಗ ಕೆಂಪು ಚೇಳು ಕುಟುಕಿದವರು ಸಾಯುವುದನ್ನು ಕಂಡರು. ರೋಗಿಯ ಪಕ್ಕದಲ್ಲೇ ಕುಳಿತು ನಾಡಿ, ರಕ್ತದೊತ್ತಡ, ಬೆವರು, ಉಸಿರಾಟಗಳನ್ನು ಬರೆದಿಟ್ಟರು. ವಿಷದಿಂದ ರಕ್ತನಾಳಗಳು ಬಿಗಿದು ಹೃದಯ ಸೋಲುತ್ತದೆಂದು ಅರಿತು, ನಾಳಗಳನ್ನು ಸಡಿಲಿಸುವ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆಯನ್ನು ಪ್ರಯೋಗಿಸಿದರು. 1986ರಲ್ಲಿ ಈ ಚಿಕಿತ್ಸೆಯ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೇರೆ ಊರುಗಳ ವೈದ್ಯರೂ ಅದೇ ಮಾತ್ರೆ ಕೊಡತೊಡಗಿದರು.